ಕೈಸೋಪಿನ ಆನ್‌ಲೈನ್ ಅಂಗಡಿ: ಲೈಸೆನ್ಸ್, ಮಳೆಗಾಲದ ಕ್ಯೂರಿಂಗ್ (ಸೋಪು ಒಣಗಿಸಿ ಹದ ಮಾಡುವುದು), ತೂಕ, ಕೊರಿಯರ್. ಎಲ್ಲಿಂದ ಹಿಡಿಯಬೇಕು?

ಸಾಗರಸೋಪು:

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಕೋಲ್ಡ್ ಪ್ರೋಸೆಸ್ (ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಕುದಿಸದೆ ಮಾಡುವ) ಸೋಪನ್ನು ಸ್ವಂತ ವೆಬ್‌ಸೈಟ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಮಾರುವ ಯೋಜನೆ ಇದೆ. ಸೋಪಿನ ಜೊತೆಗೆ ಬಾತ್ ಬಾಂಬ್ (ಟಬ್ಬಿನ ನೀರಿಗೆ ಹಾಕುವ, ಗುಳ್ಳೆಯೇಳುವ ಉಂಡೆ), ಸಕ್ಕರೆ ಸ್ಕ್ರಬ್, ಸ್ನಾನದ ಪುಡಿ ಕೂಡ ಪಟ್ಟಿಯಲ್ಲಿವೆ.

ಈಗಿನ ರೆಸಿಪಿ, 1 ಕೆಜಿ ಎಣ್ಣೆಗೆ: ತೆಂಗಿನೆಣ್ಣೆ 300 ಗ್ರಾಂ, ಸೂರ್ಯಕಾಂತಿ 350, ಪಾಮ್ 250, ಹರಳೆಣ್ಣೆ 100. ಸೂಪರ್‌ಫ್ಯಾಟ್ (ಸೋಪಾಗದೆ ಉಳಿಯಲೆಂದು ಬಿಡುವ ಎಣ್ಣೆ) 8%, ಕಾಸ್ಟಿಕ್ ಸೋಡಾ 138 ಗ್ರಾಂ, ನೀರು 380 ಗ್ರಾಂ (ಬೋರ್‌ವೆಲ್ ನೀರು, ಕಾಯಿಸಿ ಆರಿಸಿದ್ದು), ಸುಗಂಧ 30 ಗ್ರಾಂ.

ಎರಡು ತೊಂದರೆ ಕಾಣುತ್ತಿವೆ. ಒಂದು, 105 ಗ್ರಾಂಗೆ ಕತ್ತರಿಸಿದ ಸೋಪು ಎರಡು ತಿಂಗಳಿಗೆ 90 ಗ್ರಾಂಗೆ ಇಳಿಯುತ್ತದೆ. ಲೇಬಲ್ ಮೇಲೆ ಎಷ್ಟು ಅಂತ ಹಾಕುವುದು? ಎರಡು, ಮಳೆಗಾಲದ ಬ್ಯಾಚಿನಲ್ಲಿ ಮೂರನೇ ತಿಂಗಳಿಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತವೆ, ಹಳೇ ಎಣ್ಣೆಯ ವಾಸನೆ ಬರುತ್ತದೆ.

ಇದಲ್ಲದೆ: ಮನೆಯಲ್ಲೇ ಮಾಡಿ ಮಾರಲು ಲೈಸೆನ್ಸ್ ಬೇಕೇ? ಜಿಎಸ್‌ಟಿ ಬೇಕೇ? ಒಂದು ಸೋಪಿಗೆ ಎಷ್ಟು ಬೆಲೆ ಇಟ್ಟರೆ ಕೊರಿಯರ್ ಕಳೆದು ಕೈಗೆ ಏನಾದರೂ ಉಳಿಯುತ್ತದೆ?

---

ಎಣ್ಣೆಗಾಣ:

ಮೊದಲು ಚುಕ್ಕೆಯ ವಿಷಯ. ನಿಮ್ಮ ರೆಸಿಪಿ ನೋಡಿದರೇ ಕಾರಣ ಗೊತ್ತಾಗುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲು ಲಿನೋಲೇಯಿಕ್ ಆಮ್ಲ. ಇದು ಗಾಳಿಯ ಆಮ್ಲಜನಕಕ್ಕೆ ಬೇಗ ಸೋಲುವ ಕೊಬ್ಬಿನಾಮ್ಲ. ಒಟ್ಟು ಎಣ್ಣೆಯ ಲೆಕ್ಕದಲ್ಲಿ ನಿಮ್ಮ ಸೋಪಿನಲ್ಲಿ ಇದು ಸುಮಾರು 27% ಇದೆ; 15ರೊಳಗೆ ಇರಬೇಕು. ಅದರ ಮೇಲೆ ಸೂಪರ್‌ಫ್ಯಾಟ್ 8, ಅಂದರೆ ಸೋಪಾಗದೆ ಉಳಿದ ಎಣ್ಣೆಯೂ ಜಾಸ್ತಿ. ಬೋರ್‌ವೆಲ್ ನೀರಿನ ಕಬ್ಬಿಣ ಈ ಕೆಡುವಿಕೆಗೆ ವೇಗ ಕೊಡುತ್ತದೆ. ಕಾಯಿಸಿದರೆ ಕಬ್ಬಿಣವೂ ಹೋಗುವುದಿಲ್ಲ, ಗಡಸುತನವೂ ಪೂರ್ತಿ ಹೋಗುವುದಿಲ್ಲ. ಸಾಗರದ ಜುಲೈ ತಿಂಗಳ ತೇವವೂ ಸೇರಿದ ಮೇಲೆ ಚುಕ್ಕೆ ಬರದಿದ್ದರೇ ಆಶ್ಚರ್ಯ.

ಹೀಗೆ ಬದಲಿಸಿ: ತೆಂಗಿನೆಣ್ಣೆ 300, ಪಾಮ್ 250, ಅಕ್ಕಿ ತೌಡಿನ ಎಣ್ಣೆ 250, ಮುರುಗಲು ತುಪ್ಪ (ಕೋಕಂ ಬೀಜದ ಕೊಬ್ಬು) 100, ಹರಳೆಣ್ಣೆ 100. ಲಿನೋಲೇಯಿಕ್ ಸುಮಾರು 12%ಕ್ಕೆ ಇಳಿಯುತ್ತದೆ. ಮುರುಗಲು ನಿಮ್ಮ ಕಡೆಯದೇ ಬೆಳೆ, ಅದರ ತುಪ್ಪ ಗಟ್ಟಿ, ಬೇಗ ಕೆಡದು. ಹಾಗಂತ 15% ದಾಟಿಸಬೇಡಿ, ಸೋಪು ಬಿರುಸಾಗಿ ಕತ್ತರಿಸುವಾಗ ಅಂಚು ಉದುರುತ್ತದೆ.

ಕಾಸ್ಟಿಕ್ ಲೆಕ್ಕ ಬರೆದೇ ತೋರಿಸುತ್ತೇನೆ, ಮುಂದೆ ಎಣ್ಣೆ ಬದಲಿಸಿದಾಗ ನೀವೇ ಮಾಡಿಕೊಳ್ಳಬಹುದು. ಎರಡನೇ ಅಂಕಿ ಆ ಎಣ್ಣೆಯ ಒಂದು ಗ್ರಾಂ ಪೂರ್ತಿ ಸೋಪಾಗಲು ಬೇಕಾದ ಕಾಸ್ಟಿಕ್.
ತೆಂಗು 300 × 0.183 = 54.9
ಪಾಮ್ 250 × 0.142 = 35.5
ತೌಡು 250 × 0.133 = 33.3
ಮುರುಗಲು 100 × 0.135 = 13.5
ಹರಳು 100 × 0.128 = 12.8
ಒಟ್ಟು 150 ಗ್ರಾಂ. ಸೂಪರ್‌ಫ್ಯಾಟ್ 5% ಇಟ್ಟರೆ 142.5, ಅಂದರೆ 142 ಗ್ರಾಂ. ನೀರು ಇದರ ಎರಡರಷ್ಟು: 285 ಗ್ರಾಂ ಡಿಸ್ಟಿಲ್ಡ್ ವಾಟರ್. 380 ಬೇಡವೇ ಬೇಡ. ನೀವು ಹಾಕಿದ ಹೆಚ್ಚುವರಿ ನೀರೇ ಆಮೇಲೆ ತೂಕ ಇಳಿಯುವುದಕ್ಕೆ ದೊಡ್ಡ ಕಾರಣ.

ಕೆಡದಂತೆ ಎರಡು ಸೇರ್ಪಡೆ. ರೋಸ್‌ಮರಿ ಓಲಿಯೋರೆಸಿನ್ ಎಣ್ಣೆಯ 0.1%, ಅಂದರೆ ಕೆಜಿಗೆ 1 ಗ್ರಾಂ. ಇದನ್ನು ಸೋಪು ಮಾಡುವ ದಿನ ಹಾಕುವುದಕ್ಕಿಂತ ತೌಡಿನೆಣ್ಣೆಯ ಡಬ್ಬ ಒಡೆದ ದಿನವೇ ಕಲಸಿಡುವುದು ಮೇಲು. ಒಮ್ಮೆ ಕೆಡಲು ಶುರುವಾದ ಎಣ್ಣೆಯನ್ನು ಇದು ಸರಿ ಮಾಡುವುದಿಲ್ಲ. ಇನ್ನೊಂದು ಸಿಟ್ರಿಕ್ ಆಮ್ಲ 10 ಗ್ರಾಂ. ಅದು ಕಾಸ್ಟಿಕ್ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗಿ ಲೋಹದ ಅಂಶವನ್ನು ಕಟ್ಟಿಹಾಕುತ್ತದೆ, ಗಡಸು ನೀರಿನಲ್ಲಿ ಬಕೆಟ್ಟಿಗೆ ಅಂಟುವ ಬಿಳಿ ಪದರವನ್ನೂ ಕಡಿಮೆ ಮಾಡುತ್ತದೆ. ಆದರೆ ಅದು ಕಾಸ್ಟಿಕ್ ತಿನ್ನುತ್ತದೆ: ಮೋನೋಹೈಡ್ರೇಟ್ (ಹರಳಿನಲ್ಲಿ ನೀರಿನಂಶ ಇರುವುದು) ಆದರೆ ಗ್ರಾಂಗೆ 0.571, ಅನ್‌ಹೈಡ್ರಸ್ (ನೀರಿಲ್ಲದ್ದು) ಆದರೆ 0.624 ಗ್ರಾಂ. ಚೀಲದ ಮೇಲೆ ಯಾವುದೆಂದು ಬರೆದಿರುತ್ತದೆ. ಮೋನೋಹೈಡ್ರೇಟ್ ಅಂದುಕೊಂಡರೆ 142 + 5.7, ಒಟ್ಟು 148 ಗ್ರಾಂ ಕಾಸ್ಟಿಕ್. ಇದನ್ನು ಸೇರಿಸದೆ ಬರೀ ಸಿಟ್ರಿಕ್ ಹಾಕಿದರೆ ಸೂಪರ್‌ಫ್ಯಾಟ್ 9ರ ಹತ್ತಿರ ಹೋಗಿ ಮತ್ತೆ ಚುಕ್ಕೆ ಬರುತ್ತದೆ.

ಮೊದಲು ನೀರಿನಲ್ಲಿ ಸಿಟ್ರಿಕ್ ಕರಗಿಸಿ, ಆಮೇಲೆ ಆ ನೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವಾಗಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಸ್ಟೀಲ್ ಅಥವಾ ಪಾಲಿಪ್ರೊಪಿಲೀನ್ ಪಾತ್ರೆ ಮಾತ್ರ. ಅಲ್ಯೂಮಿನಿಯಂ ಬಳಸಿದರೆ ಪಾತ್ರೆಯೂ ತೂತು, ಹೈಡ್ರೋಜನ್ ಅನಿಲವೂ ಏಳುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಚರ್ಮಕ್ಕೆ ತಾಗಿದರೆ ವಿನೆಗರ್ ಹುಡುಕುತ್ತ ಕೂರಬೇಡಿ, ನಲ್ಲಿ ಕೆಳಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನೀರು ಬಿಡಿ.

ಮುರುಗಲು ತುಪ್ಪ ಇರುವುದರಿಂದ ಎಣ್ಣೆ, ಕಾಸ್ಟಿಕ್ ನೀರು ಎರಡೂ 42–45 ಡಿಗ್ರಿ ಇರುವಾಗ ಸೇರಿಸಿ. 35ಕ್ಕೆ ಇಳಿದರೆ ತುಪ್ಪ ಮರಳಿ ಗಟ್ಟಿಯಾಗುತ್ತದೆ, ಹಿಟ್ಟು (ಕಲಸಿದ ಹಸಿ ಸೋಪು) ಮಂದವಾದ ಹಾಗೆ ಕಾಣುತ್ತದೆ, ಟ್ರೇಸ್ (ಅಚ್ಚಿಗೆ ಸುರಿಯುವ ಹದ) ಬಂತು ಅಂದುಕೊಂಡು ಸುರಿದುಬಿಡುತ್ತೀರಿ. ಮಾರನೇ ದಿನ ಅಚ್ಚಿನಲ್ಲಿ ಎಣ್ಣೆ ಬೇರೆ ನಿಂತಿರುತ್ತದೆ. ಲವಂಗ, ದಾಲ್ಚಿನ್ನಿ ತೈಲ ಹಾಕುವವರಿದ್ದರೆ ಅದು ಇದ್ದಕ್ಕಿದ್ದಂತೆ ಗಟ್ಟಿ ಹಿಡಿಸುತ್ತದೆ, ಕೊನೆಗೆ ಸೇರಿಸಿ ಬ್ಲೆಂಡರ್ ಬಿಟ್ಟು ಕೈಯಲ್ಲೇ ಕಲಕಿ. ವೆನಿಲಿನ್ ಇರುವ ಸುಗಂಧ ಬಿಳಿ ಸೋಪನ್ನು ಕಂದು ಮಾಡುತ್ತದೆ, ಅದಕ್ಕೆ ಖಚಿತ ಪರಿಹಾರವಿಲ್ಲ; ಆ ಬಣ್ಣಕ್ಕೆ ಒಪ್ಪುವ ವಿನ್ಯಾಸ ಮಾಡಿ.

ತೂಕ: ಈ ರೆಸಿಪಿಗೆ ಹಿಟ್ಟು ಸುಮಾರು 1,460 ಗ್ರಾಂ ಬರುತ್ತದೆ. 118 ಗ್ರಾಂಗೆ ಕತ್ತರಿಸಿದರೆ 12 ಸೋಪು. ಆರು ವಾರದಲ್ಲಿ 10ರಿಂದ 12% ಇಳಿದು 104–106ರಲ್ಲಿ ನಿಲ್ಲುತ್ತದೆ. 100 ಗ್ರಾಂ ಅಂತ ಧೈರ್ಯವಾಗಿ ಹಾಕಬಹುದು. ಪ್ರತಿ ಬ್ಯಾಚಿನಲ್ಲಿ ಮೂರು ಸೋಪಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿ, ವಾರದ ಇಳಿತ ಅರ್ಧ ಗ್ರಾಂಗಿಂತ ಕಡಿಮೆಯಾದ ಮೇಲಷ್ಟೇ ಪ್ಯಾಕ್ ಮಾಡಿ. ಕ್ಯಾಲೆಂಡರ್ ನೋಡಿ ಪ್ಯಾಕ್ ಮಾಡಿದರೆ ಮಳೆಗಾಲದಲ್ಲಿ ಮೋಸ ಹೋಗುತ್ತೀರಿ.

ಕ್ಯೂರಿಂಗ್ ಕೋಣೆಗೆ ಒಂದು ಹೈಗ್ರೋಮೀಟರ್ ತೂಗುಹಾಕಿ. ತೇವ 60%ರೊಳಗೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕಿಟಕಿ ತೆರೆದು ಫ್ಯಾನ್ ಹಾಕಿದರೆ ಹೊರಗಿನ ತೇವವನ್ನೇ ಒಳಗೆ ಕರೆದ ಹಾಗೆ. ಕೋಣೆ ಮುಚ್ಚಿ ಡಿಹ್ಯೂಮಿಡಿಫೈಯರ್ ಇಡಿ. ಅಡಕೆ ಡ್ರೈಯರ್ ಇದೆಯಲ್ಲ ಎಂದು ಅದರಲ್ಲಿಟ್ಟರೆ 50 ಡಿಗ್ರಿ ಶಾಖಕ್ಕೆ ಸೋಪು ಮೆತ್ತಗಾಗಿ ಬೆವರುತ್ತದೆ, ಹೊಗೆ ವಾಸನೆಯೂ ಹಿಡಿಯುತ್ತದೆ. ತಂತಿ ಜಾಲರಿಯ ಮೇಲೆ ನೇರ ಇಡಬೇಡಿ. ಕಬ್ಬಿಣ ತಾಗಿದ ಕಡೆ ಗೆರೆಗೆರೆಯಾಗಿ ಚುಕ್ಕೆ ಏಳುತ್ತದೆ. ಬಿದಿರು ತಟ್ಟೆ ಅಥವಾ ಪ್ಲಾಸ್ಟಿಕ್ ಕ್ರೇಟ್ ಒಳ್ಳೆಯದು.

---

ಲೇಬಲ್‌ನೋಡಿ:

ರೆಸಿಪಿ ಸರಿಯಾಯಿತು. ಆದರೆ ಡೊಮೇನ್ ಖರೀದಿಸುವ ಮುಂಚೆ ಲೈಸೆನ್ಸ್ ವಿಷಯ ತೀರ್ಮಾನ ಮಾಡಿಕೊಳ್ಳಿ. ಇಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ.

ಮಾರಾಟಕ್ಕೆ ಸ್ನಾನದ ಸೋಪು ಮಾಡುವುದಕ್ಕೆ ಲೈಸೆನ್ಸ್ ಬೇಕೇ ಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಹಳೆಯ ವ್ಯಾಖ್ಯೆಯಲ್ಲಿ ಸೋಪು ಪ್ರಸಾಧನ ಅಲ್ಲ ಎಂದಿತ್ತು. 1982ರ ತಿದ್ದುಪಡಿಯಲ್ಲಿ ಆ ವಿನಾಯಿತಿ ಹೋಯಿತು. ಈಗ ನಡೆಯುವುದು ಕಾಸ್ಮೆಟಿಕ್ಸ್ ರೂಲ್ಸ್, 2020. ಅರ್ಜಿ ಫಾರ್ಮ್ ಕಾಸ್-5 (COS-5), ಕೊಡುವ ಲೈಸೆನ್ಸ್ ಕಾಸ್-8. ಕೊಡುವುದು ರಾಜ್ಯದ ಔಷಧ ನಿಯಂತ್ರಣ ವಿಭಾಗ. ಐದು ವರ್ಷಕ್ಕೊಮ್ಮೆ ರಿಟೆನ್ಷನ್ ಶುಲ್ಕ ಕಟ್ಟುತ್ತ ಹೋದರೆ ಲೈಸೆನ್ಸ್ ಊರ್ಜಿತ. ‘ಕೈಯಲ್ಲಿ ಮಾಡಿದ್ದು’, ‘ಸಣ್ಣ ಪ್ರಮಾಣ’, ‘ಮನೆ ಉದ್ಯಮ’ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ ಬೇರೆ, ಅದು ಇದರ ಬದಲಿ ಅಲ್ಲ.

ಮನೆಯ ಅಡುಗೆಮನೆ ಆಗುವುದಿಲ್ಲ. ತಯಾರಿಕಾ ಜಾಗ ವಾಸಕ್ಕೆ ಬಳಸುವಂತಿಲ್ಲ, ವಾಸದ ಮನೆಗೆ ಒಳಗಿನಿಂದ ಸಂಪರ್ಕವೂ ಇರಬಾರದು ಎಂಬುದು ನಿಯಮದ ಷರತ್ತು. ಸಣ್ಣ ಪ್ರಮಾಣದ ಸ್ನಾನದ ಸೋಪಿಗೆ ಶಿಫಾರಸು ಮಾಡಿದ ಜಾಗ 100 ಚದರ ಮೀಟರ್. ತೊಳೆಯಬಹುದಾದ ಗೋಡೆ, ನೆಲ, ಕಚ್ಚಾವಸ್ತುವಿಗೂ ತಯಾರಾದ ಮಾಲಿಗೂ ಬೇರೆ ಬೇರೆ ಜಾಗ, ಬ್ಯಾಚ್ ದಾಖಲೆ, ಪ್ರತಿ ಬ್ಯಾಚಿನ ಪರೀಕ್ಷೆ (ಸ್ವಂತ ಲ್ಯಾಬ್ ಇಲ್ಲದವರು ಅನುಮೋದಿತ ಲ್ಯಾಬಿಗೆ ಕಳಿಸಬಹುದು) ಇವೆಲ್ಲ ನೋಡುತ್ತಾರೆ. ತಾಂತ್ರಿಕ ಸಿಬ್ಬಂದಿ ಎಂದರೆ ಹೆದರಬೇಡಿ. ಫಾರ್ಮಸಿ ಡಿಪ್ಲೊಮಾ ಇದ್ದವರೇ ಆಗಬೇಕಿಲ್ಲ, ರಸಾಯನಶಾಸ್ತ್ರ ಒಂದು ವಿಷಯವಾಗಿ ಪಿಯುಸಿ ಪಾಸಾದವರೂ ಆಗುತ್ತದೆ.

ಅಷ್ಟು ಜಾಗಕ್ಕೆ ಈಗಲೇ ದುಡ್ಡು ಹಾಕಲಾಗದಿದ್ದರೆ ಎರಡು ದಾರಿ. ಲೋನ್ ಲೈಸೆನ್ಸ್ (ಅರ್ಜಿ ಕಾಸ್-6, ಲೈಸೆನ್ಸ್ ಕಾಸ್-9): ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದಲ್ಲಿ, ಅವರ ಸೌಲಭ್ಯ ಬಳಸಿ, ನಿಮ್ಮ ಹೆಸರಿನಲ್ಲಿ ತಯಾರಿಸುವುದು. ಇಲ್ಲವೆ ಅವರೇ ತಯಾರಿಸಿಕೊಟ್ಟು ನೀವು ಮಾರುವುದು; ಆಗ ಲೇಬಲ್‌ನಲ್ಲಿ ತಯಾರಕರು ಅವರು, ಮಾರಾಟ ನೀವು. ಎರಡನೆಯದರಲ್ಲಿ ಕಾಗದಪತ್ರ ಕಡಿಮೆ, ಆದರೆ ರೆಸಿಪಿ ಯಾರದು, ಅದೇ ಸೋಪನ್ನು ಬೇರೆಯವರಿಗೂ ಮಾಡಿಕೊಡಬಹುದೇ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಶುರು ಮಾಡುವವರಿಗೆ ನಾನು ಹೇಳುವುದು ಲೋನ್ ಲೈಸೆನ್ಸ್.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡವೂ ಅನ್ವಯಿಸುತ್ತದೆ. ಟಾಯ್ಲೆಟ್ ಸೋಪಿಗೆ ಐಎಸ್ 2888: ಒಟ್ಟು ಕೊಬ್ಬಿನಂಶ ಗ್ರೇಡ್ 1ಕ್ಕೆ 76%, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. ಬಾತಿಂಗ್ ಬಾರ್‌ಗೆ ಐಎಸ್ 13498, ಅಲ್ಲಿ 40%. ಎಣ್ಣೆಗಾಣ ಅವರ ರೆಸಿಪಿಯಲ್ಲಿ ಕೊಬ್ಬಿನಾಮ್ಲ ಸುಮಾರು 950 ಗ್ರಾಂ. ಹಸಿ ಹಿಟ್ಟಿನ 1,460 ಗ್ರಾಂಗೆ ಭಾಗಿಸಿದರೆ 65%, ಒಣಗಿದ 1,280–1,300ಕ್ಕೆ ಭಾಗಿಸಿದರೆ 73–74. ಹಾಗಾಗಿ ಪೂರ್ತಿ ಒಣಗಿದ ಸೋಪನ್ನೇ ಲ್ಯಾಬಿಗೆ ಕಳಿಸಿ. ವಾರದ ಸೋಪು ಕಳಿಸಿದರೆ ನಿಮ್ಮ ಒಳ್ಳೆಯ ಸೋಪಿಗೆ ಕೆಳಗಿನ ಗ್ರೇಡ್ ಬರುತ್ತದೆ.

ಲೇಬಲ್ ಮೇಲೆ ಇರಬೇಕಾದದ್ದು: ಸೋಪಿನ ಹೆಸರು, ತಯಾರಕರ ಹೆಸರು ಮತ್ತು ಪೂರ್ತಿ ವಿಳಾಸ, ಲೈಸೆನ್ಸ್ ಸಂಖ್ಯೆ, ತಯಾರಾದ ತಿಂಗಳು–ವರ್ಷ, ಯಾವಾಗಿನೊಳಗೆ ಬಳಸಬೇಕು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ಒಂದು ಗ್ರಾಂನ ಬೆಲೆ (100 ಗ್ರಾಂಗೆ 150 ರೂ. ಆದರೆ ಗ್ರಾಂಗೆ 1.50), ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್. ಸೋಪಿಗೆ ಬ್ಯಾಚ್ ಸಂಖ್ಯೆಯ ಬದಲು ತಯಾರಿಕೆಯ ತಿಂಗಳು–ವರ್ಷ ಸಾಕು ಎಂದು ನಿಯಮ ಹೇಳುತ್ತದೆ. ಆದರೂ ಬ್ಯಾಚ್ ಸಂಖ್ಯೆ ಹಾಕಿ. ದೂರು ಬಂದಾಗ ಯಾವ ಡಬ್ಬದ ಎಣ್ಣೆ ಅಂತ ಹುಡುಕಲು ಬೇರೆ ದಾರಿಯೇ ಇರುವುದಿಲ್ಲ. ಸೋಪು ಒಣಗುವ ವಸ್ತು ಆದ್ದರಿಂದ ತೂಕದ ಮುಂದೆ ‘ಪ್ಯಾಕ್ ಮಾಡಿದಾಗ’ ಎಂದು ಸೇರಿಸಲು ಅವಕಾಶ ಇದೆ. ಅದು ಪ್ಯಾಕ್ ಆದ ನಂತರದ ಇಳಿತಕ್ಕೆ ಮಾತ್ರ. ಹಸಿ ಸೋಪು ತೂಗಿ ಮಾರುವುದಕ್ಕೆ ಕೊಟ್ಟ ರಹದಾರಿ ಅಲ್ಲ.

ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿ. 1%ಗಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಹಾಕಬಹುದು. ಬಣ್ಣಕ್ಕೆ ಸಿಐ (ಕಲರ್ ಇಂಡೆಕ್ಸ್) ಸಂಖ್ಯೆ ಇರಬೇಕು, ಐಎಸ್ 4707 ಪಟ್ಟಿಯಲ್ಲಿ ಇರಬೇಕು. ಕರಕುಶಲ ಅಂಗಡಿಯ ಹೊಳೆಯುವ ಪುಡಿ, ಸಿಐ ಸಂಖ್ಯೆ ಇಲ್ಲದ್ದು, ಮುಟ್ಟಬೇಡಿ.

ಕಡ್ಡಾಯ ವಿವರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕೆಂದು ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್, 2011 ಹೇಳುತ್ತದೆ. ಜೊತೆಗೆ ಕನ್ನಡ ಹಾಕಲು ಅಡ್ಡಿ ಇಲ್ಲ. ದಯವಿಟ್ಟು ಹಾಕಿ. ಪದಾರ್ಥ ಓದಿ ಕೊಳ್ಳುವ ಅಭ್ಯಾಸ ನಮ್ಮವರಲ್ಲಿ ಬೆಳೆಯಬೇಕಾದರೆ ಅದು ಓದಲು ಬರುವ ಭಾಷೆಯಲ್ಲಿ ಇರಬೇಕು. ಪ್ಯಾಕ್ ಮಾಡಲು ಶುರು ಮಾಡಿದ 90 ದಿನದೊಳಗೆ ಕಾನೂನು ಮಾಪನ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ ಕೂಡ ಮಾಡಿಸಬೇಕು. ವೆಬ್‌ಸೈಟಿನ ಪುಟದಲ್ಲೂ, ತಯಾರಿಕೆಯ ತಿಂಗಳು–ವರ್ಷ ಬಿಟ್ಟು, ಈ ವಿವರಗಳೆಲ್ಲ ಕಾಣಬೇಕು.

ಜಾಹೀರಾತಿನ ಮಾತು. ‘ಸೋರಿಯಾಸಿಸ್ ಗುಣ’, ‘ಇಸಬು ವಾಸಿ’ ಎಂದು ಬರೆದ ಕ್ಷಣ ಅದು ಪ್ರಸಾಧನ ಅಲ್ಲ, ಔಷಧದ ಹೇಳಿಕೆ. ಗ್ರಾಹಕರು ಬರೆದ ಮೆಚ್ಚುಗೆಯನ್ನು ನೀವು ನಿಮ್ಮ ಪುಟದಲ್ಲಿ ಹಾಕಿಕೊಂಡರೂ ಅಷ್ಟೇ. ‘ಪಿಎಚ್ 5.5’ ಎಂದೂ ಬರೆಯಬೇಡಿ. ನಿಜವಾದ ಸೋಪು 9–10ರ ಸುತ್ತ ಇರುತ್ತದೆ, 5.5ಕ್ಕೆ ಇಳಿಸಿದರೆ ಅದು ಒಡೆದು ಮತ್ತೆ ಕೊಬ್ಬಿನಾಮ್ಲವೇ ಆಗುತ್ತದೆ. ಇನ್ನು ಗಂಧದ ಸೋಪು ಮಾಡುವವರಿಗೆ: ‘ಮೈಸೂರು ಸ್ಯಾಂಡಲ್ ಸೋಪ್’, ‘ಮೈಸೂರು ಶ್ರೀಗಂಧದ ಎಣ್ಣೆ’ ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಹೆಸರನ್ನು ಹೋಲುವ ಯಾವುದೂ ನಿಮ್ಮ ಪೊಟ್ಟಣದ ಮೇಲೆ ಬೇಡ. ಕೃತಕ ಸುಗಂಧ ಹಾಕಿದ್ದರೆ ‘ಗಂಧದ ಪರಿಮಳ’ ಎನ್ನಿ, ‘ಗಂಧದೆಣ್ಣೆ’ ಎನ್ನಬೇಡಿ.

---

ಲೆಕ್ಕಪತ್ರ:

ಜಿಎಸ್‌ಟಿ: ಬೇರೆ ರಾಜ್ಯಕ್ಕೆ ಒಂದೇ ಒಂದು ಸೋಪು ಕಳಿಸಿದರೂ ನೋಂದಣಿ ಕಡ್ಡಾಯ, ವಹಿವಾಟು ಎಷ್ಟೇ ಇರಲಿ. 40 ಲಕ್ಷದ ಮಿತಿ ಕರ್ನಾಟಕದ ಒಳಗೆ ಮಾತ್ರ ಮಾರುವವರಿಗೆ. ಸ್ವಂತ ವೆಬ್‌ಸೈಟ್ ಅಂದಮೇಲೆ ಪುಣೆಯಿಂದಲೂ ಚೆನ್ನೈಯಿಂದಲೂ ಆರ್ಡರ್ ಬರುತ್ತದೆ, ನೋಂದಣಿ ಮಾಡಿಸಿಬಿಡಿ. ಕಾಂಪೋಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಬೇಡ, ಅದರಲ್ಲಿ ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ.

ದರ: ಬಾರ್ ರೂಪದ ಸ್ನಾನದ ಸೋಪಿಗೆ 2025ರ ಸೆಪ್ಟೆಂಬರ್ 22ರಿಂದ 5%, ಮುಂಚೆ 18 ಇತ್ತು. ದ್ರವ ಬಾಡಿ ವಾಶ್, ಬಾತ್ ಸಾಲ್ಟ್ ಈಗಲೂ 18. ಗಿಫ್ಟ್ ಬಾಕ್ಸ್ ಕಟ್ಟುವಾಗ ಇದು ನೆನಪಿರಲಿ. 5ರ ಸೋಪು, 18ರ ಸಾಲ್ಟ್ ಸೇರಿಸಿ ಒಂದೇ ಬೆಲೆಗೆ ಮಾರಿದರೆ ಇಡೀ ಬಾಕ್ಸಿಗೆ ಹೆಚ್ಚಿನ ದರವೇ ಬೀಳುತ್ತದೆ. ಕಾಸ್ಟಿಕ್, ಸುಗಂಧಕ್ಕೆ ನೀವು ಕಟ್ಟುವುದು 18, ಬಿಲ್ ಇಲ್ಲದೆ ಕೊಳ್ಳಬೇಡಿ, ಕ್ರೆಡಿಟ್ (ಕೊಂಡಾಗ ಕೊಟ್ಟ ತೆರಿಗೆಯನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆಯುವ ಅವಕಾಶ) ಕಳೆದುಕೊಳ್ಳುತ್ತೀರಿ.

ಬೆಲೆ. ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಮೇಲಿನ 12 ಸೋಪಿನ ಬ್ಯಾಚಿಗೆ: ತೆಂಗಿನೆಣ್ಣೆ ಕೆಜಿಗೆ 400ರಂತೆ 120 ರೂ., ಪಾಮ್ 35, ತೌಡು 38, ಮುರುಗಲು ತುಪ್ಪ 70, ಹರಳು 20, ಕಾಸ್ಟಿಕ್–ಸಿಟ್ರಿಕ್–ನೀರು 25, ಸುಗಂಧ 30 ಗ್ರಾಂ 75. ಒಟ್ಟು 383, ಸೋಪಿಗೆ 32 ರೂ. ಪೆಟ್ಟಿಗೆ, ಬಟರ್ ಪೇಪರ್, ಲೇಬಲ್ 12. ಕೂಲಿ 17 — ಮೇಲಿನದರ ಮೂರರಷ್ಟು, 36 ಸೋಪು ಒಟ್ಟಿಗೆ ಕಲಸಿ, ಕತ್ತರಿಸಿ, ಪ್ಯಾಕ್ ಮಾಡಲು ಆರು ಗಂಟೆ, ಗಂಟೆಗೆ 100ರಂತೆ. ಲ್ಯಾಬ್, ಬಾಡಿಗೆ, ಕರೆಂಟು, ಒಡೆದ ಸೋಪಿನ ಪಾಲು 10. ಒಟ್ಟು 71.

ಕೂಲಿ ಹಾಕದೆ ಲೆಕ್ಕ ಮಾಡುವವರೇ ಹೆಚ್ಚು. ನಾಳೆ ಒಬ್ಬರನ್ನು ಸಹಾಯಕ್ಕೆ ಇಟ್ಟುಕೊಂಡ ದಿನ ಅಂಗಡಿ ನಷ್ಟಕ್ಕೆ ಬೀಳುತ್ತದೆ. ನಿಮ್ಮ ಕೈಗೂ ಬೆಲೆ ಕಟ್ಟಿ.

ಈಗ ನಾಲ್ಕು ಸೋಪಿನ ಆರ್ಡರ್, ತಲಾ 150, ಒಟ್ಟು 600. ಅದರೊಳಗಿನ ಜಿಎಸ್‌ಟಿ ತೆಗೆದರೆ 571. ಸೋಪಿನ ಖರ್ಚು 284, ಕೊರಿಯರ್ 80, ಹೊರ ಪೆಟ್ಟಿಗೆ 12, ಪೇಮೆಂಟ್ ಗೇಟ್‌ವೇ 14. ಉಳಿಯುವುದು 181. ಜಾಹೀರಾತು ಇದರಿಂದಲೇ ಹೋಗಬೇಕು. ಅದೇ ಒಂದು ಸೋಪಿನ ಆರ್ಡರ್ ಆದರೆ: 143 ಬರುತ್ತದೆ, 71 + 60 + 8 + 4 ಕಳೆದರೆ ಬರೀ ಕೈ. ಆದ್ದರಿಂದ ಕನಿಷ್ಠ ಮೂರು ಸೋಪು ಎಂದು ಇಡಿ, ಅಥವಾ ಒಂದಕ್ಕೆ ಕೊರಿಯರ್ ಬೇರೆ ವಸೂಲಿ ಮಾಡಿ.

ಕ್ಯಾಶ್ ಆನ್ ಡೆಲಿವರಿ ಕೊಟ್ಟರೆ ವಾಪಸ್ ಬರುವ ಪಾರ್ಸೆಲ್ಲಿಗೆ ಎರಡೂ ಕಡೆಯ ಕೊರಿಯರ್ ನಿಮ್ಮ ತಲೆಗೇ. ಹತ್ತರಲ್ಲಿ ಎರಡು ವಾಪಸ್ ಬಂದರೆ 320 ರೂ., ಉಳಿದ ಎಂಟು ಆರ್ಡರಿನ ಮೇಲೆ ತಲಾ 40. ಮೇಲಿನ 181ರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹಾಗೇ ಹೋಯಿತು. ಯುಪಿಐಯಲ್ಲಿ ಮುಂಗಡ ಕೊಟ್ಟವರಿಗೆ 20–30 ರೂ. ಬಿಡುವುದು ಇದಕ್ಕಿಂತ ಅಗ್ಗ.

ತೆಂಗಿನೆಣ್ಣೆ ದರ ತಿಪಟೂರಿನ ಕೊಬ್ಬರಿ ಹರಾಜಿನ ಹಿಂದೆಯೇ ಓಡುತ್ತದೆ. ಅದು ಜೋರಾಗಿ ಏರಿದರೆ ಸೋಪಿಗೆ ಮೂರು ನಾಲ್ಕು ರೂಪಾಯಿ ವ್ಯತ್ಯಾಸ ಬರುತ್ತದೆ. ಎಂಆರ್‌ಪಿ ಇಡುವಾಗ ಅಷ್ಟು ಜಾಗ ಬಿಡಿ, ಪೆಟ್ಟಿಗೆಯನ್ನು ಸಾವಿರಗಟ್ಟಲೆ ಬೆಲೆ ಸಮೇತ ಅಚ್ಚು ಹಾಕಿಸಬೇಡಿ. ಬೆಲೆ, ತಿಂಗಳು ಎರಡನ್ನೂ ಆಮೇಲೆ ಮುದ್ರೆ ಒತ್ತುವ ಹಾಗೆ ಖಾಲಿ ಚೌಕ ಬಿಡಿಸಿ.

---

ಪಾರ್ಸೆಲ್‌ಕಟ್ಟು:

ಕೊರಿಯರ್ ಬಗ್ಗೆ ಚಿಕ್ಕದಾಗಿ. ಹೆಚ್ಚಿನ ಕಂಪನಿಗಳ ಮೊದಲ ಸ್ಲ್ಯಾಬ್ 500 ಗ್ರಾಂ. 100 ಗ್ರಾಂನ ಸೋಪು ಪೆಟ್ಟಿಗೆ ಸಮೇತ 112–115 ತೂಗುತ್ತದೆ (ಒಳಗಿನ ಸೋಪು 104 ಇರುತ್ತದೆ ಎನ್ನುವುದು ನೆನಪಿರಲಿ). ನಾಲ್ಕು ಸೇರಿದರೆ 450–460. ಹೊರ ಪೆಟ್ಟಿಗೆ, ಟೇಪು, ಬಿಲ್ ಎಲ್ಲ 40 ಗ್ರಾಂನೊಳಗೆ ಬರಬೇಕು. ಮೂರು ಪದರದ ರಟ್ಟಿನ ಸಣ್ಣ ಪೆಟ್ಟಿಗೆಯಲ್ಲಿ ಸಾಧ್ಯ, ಒಳಗೆ ಕಾಗದದ ಚೂರು ತುಂಬಿದರೆ ದಾಟುತ್ತದೆ. 502 ಗ್ರಾಂ ಆದರೆ 1 ಕೆಜಿ ದರ. ಅಂಗಡಿ ತೆರೆಯುವ ಮುಂಚೆ ನಾಲ್ಕರ ಪೆಟ್ಟಿಗೆ ಪೂರ್ತಿ ಕಟ್ಟಿ ತೂಗಿ ನೋಡಿ. ಗಾತ್ರದ ತೂಕವೂ ಇದೆ: ಉದ್ದ × ಅಗಲ × ಎತ್ತರ ಸೆಂ.ಮೀ., ಭಾಗಿಸು 5000. 15 × 10 × 6 ಆದರೆ 180 ಗ್ರಾಂ, ತೊಂದರೆ ಇಲ್ಲ. ಅಂದದ ದೊಡ್ಡ ಗಿಫ್ಟ್ ಬಾಕ್ಸ್ 30 × 25 × 10 ಆದರೆ 1.5 ಕೆಜಿ. ಒಳಗೆ ನಾಲ್ಕೇ ಸೋಪು ಇದ್ದರೂ ದುಡ್ಡು ಒಂದೂವರೆ ಕೆಜಿಗೆ.

ಸೋಪನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ. ಉಳಿದ ತೇವ ಒಳಗೇ ಬೆವರುತ್ತದೆ. ಬಟರ್ ಪೇಪರ್ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿ. ಬರೀ ಕಂದು ಕಾಗದದ ಪೆಟ್ಟಿಗೆಗೆ ಎಣ್ಣೆ ಕಲೆ ಬರುತ್ತದೆ. ಮಳೆಗಾಲದಲ್ಲಿ ಹೊರ ಪೆಟ್ಟಿಗೆಗೆ ಮಾತ್ರ ಕೊರಿಯರ್ ಕವರ್ ಹಾಕಿ.

ಬಾತ್ ಬಾಂಬ್ ಕೈಬಿಡಿ. ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ಸಿಟ್ರಿಕ್, ತೇವ ತಾಗಿದರೆ ಬೆಂಗಳೂರು ತಲುಪುವುದರೊಳಗೆ ಉಬ್ಬಿ ಗುಳ್ಳೆ ಬಿದ್ದಿರುತ್ತದೆ. ಅದಕ್ಕಿಂತ ಮುಖ್ಯ, ನಮ್ಮಲ್ಲಿ ಸ್ನಾನ ಬಕೆಟ್ಟಿನದು. ಟಬ್ ಇರುವ ಮನೆ ಎಷ್ಟು? ಕೊಂಡವರು ಒಮ್ಮೆ ಕೊಂಡು ಸುಮ್ಮನಾಗುತ್ತಾರೆ.

ಸಕ್ಕರೆ ಸ್ಕ್ರಬ್ ಕೂಡ ಎಚ್ಚರಿಕೆಯ ಮಾಲು. ನೀರಿಲ್ಲದ ಪದಾರ್ಥ ಎಂದು ಪ್ರಿಸರ್ವೇಟಿವ್ ಬಿಡುತ್ತಾರೆ, ಆದರೆ ಗ್ರಾಹಕರು ಒದ್ದೆ ಬೆರಳನ್ನೇ ಅದ್ದುತ್ತಾರೆ, ಬೂಷ್ಟು ಬರುತ್ತದೆ. ಫಿನಾಕ್ಸಿಎಥನಾಲ್ ಥರದ್ದು 1%ರೊಳಗೆ ಹಾಕಲೇಬೇಕು, ಜಾಡಿ ಬಿಟ್ಟು ಟ್ಯೂಬಿನಲ್ಲಿ ಕೊಡಬೇಕು.

ಸ್ನಾನದ ಪುಡಿ ಹೋಗುತ್ತದೆ, ಅದರಲ್ಲೂ ನರಕ ಚತುರ್ದಶಿಯ ಎಣ್ಣೆಸ್ನಾನದ ಹೊತ್ತಿಗೆ. ಹೆಸರುಹಿಟ್ಟು, ಕಡಲೆಹಿಟ್ಟಿಗೆ ಹುಳ ಬೀಳುವುದೇ ದೊಡ್ಡ ಕಾಟ. ಕಾಳನ್ನು ಚೆನ್ನಾಗಿ ಒಣಗಿಸಿ ಬೀಸಿ, ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಹೊರತೆಗೆದು ಮುಚ್ಚಿದ ಡಬ್ಬದಲ್ಲೇ ಕೋಣೆಯ ಶಾಖಕ್ಕೆ ಬರಲು ಬಿಟ್ಟು ಆಮೇಲೆ ಪ್ಯಾಕ್ ಮಾಡಿ. ತಣ್ಣಗಿರುವಾಗಲೇ ತೆರೆದರೆ ಹಿಟ್ಟಿನ ಮೇಲೆ ನೀರು ಕಟ್ಟುತ್ತದೆ. 100 ಗ್ರಾಂನ ಸಣ್ಣ ಪೊಟ್ಟಣವೇ ಸರಿ. ಇದೂ ಪ್ರಸಾಧನವೇ, ಲೈಸೆನ್ಸಿನ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

---

ಸಾಗರಸೋಪು:

ಎಲ್ಲರಿಗೂ ಧನ್ಯವಾದ. ಬಾತ್ ಬಾಂಬ್, ಸ್ಕ್ರಬ್ ಎರಡನ್ನೂ ಪಟ್ಟಿಯಿಂದ ತೆಗೆದೆ. ಇನ್ನೆರಡು ಪ್ರಶ್ನೆ. ದೀಪಾವಳಿಗೆ ಮಾಲು ಬೇಕೆಂದರೆ ಯಾವ ತಿಂಗಳು ಸುರಿಯಬೇಕು? ಮತ್ತು ಗ್ರಾಹಕರು ‘ಸೋಪಿನಿಂದ ಚರ್ಮ ಉರಿಯಿತು’ ಎಂದರೆ ಏನು ಮಾಡಬೇಕು?

---

ಎಣ್ಣೆಗಾಣ:

ಲೆಕ್ಕಕ್ಕೆ ಆಗಸ್ಟ್ ಕೊನೆ ಎನಿಸುತ್ತದೆ, ಆದರೆ ನಿಮ್ಮ ಕಡೆ ಅದು ಕೆಟ್ಟ ತಿಂಗಳು. ಏಪ್ರಿಲ್ ಮಧ್ಯದೊಳಗೆ ಸುರಿದುಬಿಡಿ, ಜೂನ್ ಮಳೆ ಹಿಡಿಯುವುದರೊಳಗೆ ಒಣಗಿರುತ್ತದೆ. ಆಮೇಲೆ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಹಾಕಿ, ತಂಪಾದ ಕತ್ತಲು ಕೋಣೆಯಲ್ಲಿಡಿ. ಸಿಟ್ರಸ್ ತೈಲದ ಪರಿಮಳ ಆರು ತಿಂಗಳಿಗೆ ಹಾರಿಹೋಗುತ್ತದೆ. ಹಬ್ಬದ ಮಾಲಿಗೆ ಲಾವಂಚ, ಪಚೋಲಿ ಥರದ ನಿಲ್ಲುವ ಪರಿಮಳ ಆರಿಸಿ. ಸುಗಂಧ ಮಾರುವವರಿಂದ ಇಫ್ರಾ (ಅಂತರರಾಷ್ಟ್ರೀಯ ಸುಗಂಧ ಸಂಘ) ಪ್ರಮಾಣಪತ್ರ ಕೇಳಿ ಪಡೆಯಿರಿ. ತೊಳೆದು ಹೋಗುವ ಸೋಪು ವರ್ಗ 9ರಲ್ಲಿ ಬರುತ್ತದೆ, ಅಲ್ಲಿ ಬರೆದ ಗರಿಷ್ಠ ಮಿತಿಯೇ ನಿಮ್ಮ ಮಿತಿ. ಕೊಡದವರಿಂದ ಕೊಳ್ಳಬೇಡಿ.

---

ಲೇಬಲ್‌ನೋಡಿ:

ಉರಿ ಎಂದವರಿಗೆ ಮೊದಲು ‘ಬಳಸುವುದು ನಿಲ್ಲಿಸಿ, ಉರಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ’ ಎನ್ನಿ. ಬ್ಯಾಚ್ ಸಂಖ್ಯೆ ಕೇಳಿ. ಪ್ರತಿ ಬ್ಯಾಚಿನಿಂದ ಎರಡು ಸೋಪು ಎತ್ತಿಟ್ಟಿರಬೇಕು, ಬಳಕೆಯ ಅವಧಿ ಮುಗಿಯುವವರೆಗೆ. ಅದನ್ನು ಮುರಿದು ಒಳಭಾಗಕ್ಕೆ ಒಂದು ಹನಿ ಫಿನಾಲ್ಫ್ತಲೀನ್ (ಕ್ಷಾರಕ್ಕೆ ಗುಲಾಬಿಯಾಗುವ ದ್ರವ) ಹಾಕಿ. ಗಾಢ ಗುಲಾಬಿ ಆದರೆ ಕಾಸ್ಟಿಕ್ ಉಳಿದಿದೆ, ಆ ಬ್ಯಾಚು ಪೂರ್ತಿ ವಾಪಸ್ ಕರೆಸಿ. ಬಣ್ಣ ಬಾರದಿದ್ದರೆ ಅಥವಾ ತೀರ ತಿಳಿ ಗುಲಾಬಿ ಇದ್ದರೆ ಕಾರಣ ಸುಗಂಧವೋ ಬೇರೇನೋ. ಆಗಲೂ ದುಡ್ಡು ವಾಪಸ್ ಕೊಡಿ, ಏನು ಹಾಕಿದ್ದೀರಿ ಎಂಬ ಪೂರ್ತಿ ಪಟ್ಟಿಯನ್ನೂ ಕೊಡಿ, ವೈದ್ಯರಿಗೆ ಅದು ಬೇಕಾಗುತ್ತದೆ.

ಇ-ಕಾಮರ್ಸ್ ರೂಲ್ಸ್, 2020ರ ಪ್ರಕಾರ ದೂರು ಸ್ವೀಕರಿಸಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ಅಧಿಕಾರಿಯ ಹೆಸರು, ಫೋನ್, ಇಮೇಲ್ ವೆಬ್‌ಸೈಟಿನಲ್ಲಿ ಇರಬೇಕು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಅದು ನಿಮ್ಮದೇ ಹೆಸರು. ಅದಕ್ಕೆ ಮನೆಯ ನಂಬರ್ ಬಿಟ್ಟು ಬೇರೆ ಸಿಮ್ ತೆಗೆದುಕೊಳ್ಳಿ.